ಆಟ ನಿಂತರೆ ಮೊದಲು ಕೈ ಕಟ್ಟಿ ಕೂತ್ಕೋ

ತಮ್ಮಾ, ಲ್ಯಾಪ್‌ಟಾಪು ತಂದು ಇನ್ನೂ ಕವರಿನ ವಾಸನೆ ಹೋಗಿಲ್ಲ, ಆಗಲೇ ಊರ ತುಂಬ ಅದನ್ನು ಬೈದುಕೊಂಡು ತಿರುಗುತ್ತಿದ್ದೀಯಂತೆ. ಆಟ ನಡುವೆ ನಿಂತಿತು ಅಂತ ಮೊದಲು ಆಟ ಮಾಡಿದವರನ್ನು ಬೈದೆ. ಆಮೇಲೆ ಅಂಗಡಿಯವನನ್ನು. ಕೊನೆಗೆ ಸಿಟ್ಟು ತಡೀಲಾರದೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಈಗಲೂ ನಿಲ್ಲುತ್ತಿದೆ, ಅಲ್ವಾ? ನೀನು ಜಾಣ, ಅದರಲ್ಲಿ ಎರಡು ಮಾತಿಲ್ಲ. ಕೈ ಮಾತ್ರ ಬುದ್ಧಿಗಿಂತ ಮುಂದೆ ಓಡುತ್ತೆ.

ನಾನು ಗೇಮ್ ಆಡಿದವನಲ್ಲ. ಕೂಡ್ಲಿಗಿ, ಕೊಟ್ಟೂರು ಸುತ್ತಿನ ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತ ತಲೆ ನರೆಸಿಕೊಂಡವನು. ಮೋಟರು ನಿಂತಿತೆಂದರೆ ರೈತರು ಮೊದಲು ಹೇಳೋದೇ “ವೈಂಡಿಂಗ್ ಸುಟ್ಟೈತಿ ಬಿಡ್ರಿ” ಅಂತ. ಹೋಗಿ ಸ್ಟಾರ್ಟರ್ ಡಬ್ಬಿ ತೆಗೆದರೆ ಮೂರು ಫೇಸಿನಲ್ಲಿ ಎರಡೇ ಬರುತ್ತಿರುತ್ತವೆ. ಬೋರಿನಿಂದ ಮೋಟರು ಎತ್ತಿಸಿದ ಮೇಲೆ ಇದು ಗೊತ್ತಾದರೆ ಎತ್ತಿಸಿದ ಕೂಲಿ ಯಾರ ತಲೆಗೆ? ನೀನು ವಿಂಡೋಸ್ ಅಳಿಸಿದ್ದೂ ಅದೇ ಬಾಬತ್ತು. ಕೆಟ್ಟದ್ದು ಎಲ್ಲಿ ಅನ್ನೋ ದಾಖಲೆಯೂ ಅದರ ಜೊತೆಗೇ ಅಳಿಸಿಹೋಯಿತು.

ಹೊಸದಾಗಿ ಹಾಕಿದ ಮೇಲೆ ನಿಂತದ್ದಕ್ಕಾದರೂ ದಾಖಲೆ ಇರುತ್ತಪ್ಪಾ. ಸ್ಟಾರ್ಟ್ ಒತ್ತಿ ‘ರಿಲಯಬಿಲಿಟಿ’ ಅಂತ ಹುಡುಕು. ದಿನದಿನದ ಪಟ್ಟಿ ಬರುತ್ತೆ, ಏನಾದರೂ ಕುಸಿದ ದಿನ ಕೆಂಪು ಗುರುತು ಇರುತ್ತೆ. ಒತ್ತಿ ನೋಡು. ‘ಎನ್‌ವಿಎಲ್‌ಡಿಡಿಎಂಕೆಎಂ’ ಅಂತ ಬಾಯಿಗೆ ಬಾರದ ಹೆಸರು ಕಂಡರೆ ಅದು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್. ಇವೆಂಟ್ ವ್ಯೂವರಿನಲ್ಲಿ ‘ಕರ್ನಲ್-ಪವರ್ 41’ ಕಂಡರೆ ಕುಣಿದಾಡಬೇಡ. ಯಂತ್ರ ಸರಿಯಾಗಿ ಮುಚ್ಚದೆ ದಿಢೀರ್ ಆರಿಹೋಯಿತು ಅಂತಷ್ಟೇ ಅದರ ಅರ್ಥ. ಯಾಕೆ ಆರಿತು ಅನ್ನೋದನ್ನು ಅದು ಹೇಳೋದಿಲ್ಲ.

ಹೆಸರು ಕಂಡ ಕೂಡಲೇ ಅವನೇ ಕಳ್ಳ ಅಂತ ತೀರ್ಮಾನಿಸಲೂ ಬೇಡ. 2023ರ ಕೊನೆಯಿಂದ ಜಗತ್ತಿನ ತುಂಬ ಡೆಸ್ಕ್‌ಟಾಪ್ ಇಟ್ಟುಕೊಂಡವರು ಬಾಯಿ ಬಡಿದುಕೊಂಡರು. ಆಟ ನಿಲ್ಲುತ್ತೆ, ‘ವೀಡಿಯೊ ಮೆಮೊರಿ ಸಾಲದು’ ಅಂತ ಪರದೆ ಹೇಳುತ್ತೆ. ಜನ ಗ್ರಾಫಿಕ್ಸ್ ಕಾರ್ಡನ್ನು ಶಪಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರು. ಅದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದುಕೊಂಡು ಒಳಗೊಳಗೇ ಸವೆಯುತ್ತಿತ್ತು. 2024ರ ಆಗಸ್ಟಿನಲ್ಲಿ ಕಂಪನಿ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಈ ರೋಗ ಇಲ್ಲ ಅಂತ ಅವರೇ ಹೇಳಿದ್ದಾರೆ. ಹಾಗಾಗಿ ನೀನು ಅದನ್ನು ನೆಪ ಮಾಡಿಕೊಳ್ಳಬೇಡ.

ನಿನ್ನದಕ್ಕೆ ಬರೋಣ. ಅದನ್ನು ಎಲ್ಲಿಟ್ಟು ಆಡ್ತೀಯ? ನಿಮ್ಮವ್ವ ಹೇಳಿದಳು, ಮಂಚದ ಮೇಲೆ, ಕೌದಿಯ ಮೇಲೆ. ಅಯ್ಯೋ ಮಾರಾಯ, ಅದು ಗಾಳಿ ಎಳೆಯೋದೇ ಹೊಟ್ಟೆಯ ಕೆಳಗಿಂದ! ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಒಳಗಿನ ಚಿಪ್ಪಿಗೆ 95, 100 ಡಿಗ್ರಿ ಅಂದರೆ ತಾಳಿಕೆಯ ಗಡಿ. ಅಲ್ಲಿಗೆ ಬಂತೆಂದರೆ ಮೊದಲು ತಾನೇ ನಿಧಾನ ಆಗುತ್ತೆ, ಆಟ ತಡವರಿಸುತ್ತೆ. ಅದನ್ನೂ ಲೆಕ್ಕಿಸದೆ ಆಡಿದರೆ ಆರಿಕೊಳ್ಳುತ್ತೆ. ಗಟ್ಟಿ ಮೇಜಿನ ಮೇಲಿಡು, ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸು. ಹೇಗೂ ಆ ಪುಸ್ತಕ ನೀನು ಓದೋದಿಲ್ಲ.

ಇನ್ನು ಚಾರ್ಜರು. ಜೊತೆಗೆ ಬಂದ ಇಟ್ಟಿಗೆಯಂಥದ್ದೇ ಬೇಕು. 180, 230 ವ್ಯಾಟ್ ಬೇಡುವ ಯಂತ್ರಕ್ಕೆ ಗೆಳೆಯನ 65 ವ್ಯಾಟಿನ ಟೈಪ್-ಸಿ ಕೊಟ್ಟರೆ ಆಟದ ನಡುವೆ ಏದುಸಿರು ಬಿಡುತ್ತೆ. ವೋಲ್ಟೇಜ್ ಕಮ್ಮಿ ಅಂತ ಕರೆಂಟಿನವರನ್ನು ಬೈಯುವ ಮೊದಲು ಅದರ ಬೆನ್ನಿನ ಅಕ್ಷರ ಓದು: 100ರಿಂದ 240 ವೋಲ್ಟ್‌ವರೆಗೂ ಅದಕ್ಕೆ ಒಗ್ಗುತ್ತೆ. ನನಗೆ ಅನುಮಾನ ನಿಮ್ಮ ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ. ಪಿನ್ ಸಡಿಲ ಆದರೆ ಲ್ಯಾಪ್‌ಟಾಪು ಗಳಿಗೆಗೊಮ್ಮೆ ಬ್ಯಾಟರಿಗೆ ಹೋಗಿ ಬಂದು ಮಾಡುತ್ತೆ. ಆಡುವಾಗ ಚಾರ್ಜಿಂಗ್ ದೀಪದ ಮೇಲೆ ಒಂದು ಕಣ್ಣಿಡು. ಗೋಡೆಯ ಸಾಕೆಟ್ಟಿಗೇ ನೇರ ಹಾಕಿಯೂ ನೋಡು.

ಒಂದೇ ಆಟ ನಿಲ್ಲುತ್ತದೋ, ಎಲ್ಲವೂ ನಿಲ್ಲುತ್ತವೋ? ಒಂದೇ ಆದರೆ ಸ್ಟೀಮ್‌ನಲ್ಲಿ ಆಟದ ಫೈಲುಗಳನ್ನು ತಾಳೆ ನೋಡಿಸುವ ಸೌಲಭ್ಯ ಇದೆ, ಅದನ್ನು ಮಾಡು. ಕ್ರ್ಯಾಕ್ ಮಾಡಿದ ಪುಕ್ಕಟೆ ಆಟ ಆಗಿದ್ದರೆ ನನ್ನ ಹತ್ತಿರ ಬರಲೇಬೇಡ. ಎಲ್ಲವೂ ನಿಂತರೆ ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕು, ಗೆಳೆಯ ಏರಿಸಿಕೊಟ್ಟ ಓವರ್‌ಕ್ಲಾಕ್ ಇಳಿಸು, ಮೇಲಿಂದ ಸೇರಿಸಿದ ರ‍್ಯಾಮ್ ಇದ್ದರೆ ಬಿಚ್ಚಿಸಿ ನೋಡು. ಬಯಾಸ್ ಅಪ್‌ಡೇಟನ್ನೂ ಮಾಡುವುದಾದರೆ ಆಗ ಚಾರ್ಜರ್ ಚುಚ್ಚಿರಲಿ, ಅದು ಮುಗಿಯುವ ತನಕ ಮುಟ್ಟಬೇಡ.

ಇಷ್ಟನ್ನೂ ಒಂದೇ ರಾತ್ರಿ ಮಾಡಿ ಮುಗಿಸ್ತೀಯ ಅಂತ ನನಗೆ ಗೊತ್ತು. ಬೇಡ. ಒಂದು ಬದಲಿಸು, ಒಂದು ಸಂಜೆ ಆಡು, ನೋಟ್‌ಬುಕ್ಕಿನಲ್ಲಿ ಬರೆ: ಏನು ಬದಲಿಸಿದೆ, ಎಷ್ಟು ಹೊತ್ತಿಗೆ ನಿಂತಿತು. ನಾಲ್ಕು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಆ ದೇವರಿಗೂ ತಿಳಿಯೋದಿಲ್ಲ.

ಏನು ಮಾಡಿದರೂ ನಿಂತರೆ, ಸ್ಕ್ರೂಡ್ರೈವರ್ ಕೆಳಗಿಡು. ಹೊಸ ಮಾಲು, ವಾರಂಟಿ ಇದೆ. ನಿಲ್ಲುವುದನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿಕೋ, ಬಿಲ್ಲಿನ ಫೋಟೊ ತೆಗೆದಿಡು. ಬದಲಿ ಕೊಡುವ ಗಡುವು ಬಲು ಚಿಕ್ಕದಿರುತ್ತೆ, ಅದನ್ನು ಇವತ್ತೇ ನೋಡು. ಅಂಗಡಿಯವರು ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ, ಕೂಗಾಡದೆ ನೋಟ್‌ಬುಕ್ ನೋಡಿಕೊಂಡು ಮಾತಾಡು. ಸರ್ವೀಸಿಗೆ ಅಂತ ಹೊಸಪೇಟೆ ಬಸ್ಸು ಹತ್ತುವಾಗ ಚಾರ್ಜರನ್ನೂ ಚೀಲಕ್ಕೆ ಹಾಕಿಕೋ. ಅದಿಲ್ಲದೆ ಹೋದರೆ ಅವರು ಪರೀಕ್ಷೆ ಮಾಡೋದಾದರೂ ಹೇಗೆ?