ನ್ಯೂಯಾರ್ಕಿನ ನ್ಯಾಯಾಂಗ ಪ್ರತಿನಿಧಿಗಳ ಮತ

ನ್ಯೂಯಾರ್ಕ್ ರಾಜ್ಯದ ‘ಸುಪ್ರೀಂ ಕೋರ್ಟ್’ ಸರ್ವೋಚ್ಚ ನ್ಯಾಯಾಲಯವಲ್ಲ, ವಿಚಾರಣಾ ನ್ಯಾಯಾಲಯ. ಅನುವಾದಕರು ಎಡವುವುದು ಇಲ್ಲಿಯೇ. ಅದರ ನ್ಯಾಯಾಧೀಶರನ್ನು 14 ವರ್ಷಗಳ ಅವಧಿಗೆ ಮತದಾರರೇ ಆರಿಸುತ್ತಾರೆ. ಆದರೆ 1921ರಿಂದ ಪಕ್ಷದ ಅಭ್ಯರ್ಥಿಯನ್ನು ನಿಶ್ಚಯಿಸುವುದು ನ್ಯಾಯಾಂಗ ಸಮಾವೇಶ. ಪಕ್ಷದ ಸದಸ್ಯರು ಪ್ರಾಥಮಿಕ ಚುನಾವಣೆಯಲ್ಲಿ ಅದರ ಪ್ರತಿನಿಧಿಗಳನ್ನು ಮಾತ್ರ ಆರಿಸಬಲ್ಲರು. ಆ ಪ್ರತಿನಿಧಿಗಳು ಯಾರ ಪರವೆಂಬುದನ್ನು ಮತಪತ್ರ ತಿಳಿಸುವುದಿಲ್ಲ. ಪ್ರತಿಸ್ಪರ್ಧಿಗಳಿಲ್ಲದ ಕಡೆ ಮತದಾನವೇ ನಡೆಯದು. ಆದ್ದರಿಂದ ಮತಎಣಿಕೆಯ ಪಟ್ಟಿಯಲ್ಲಿ ಒಂದು ಕ್ಷೇತ್ರ ಕಾಣದಿದ್ದರೆ ಅಲ್ಲಿ ಪ್ರತಿನಿಧಿಗಳಿಲ್ಲವೆಂದು ತಿಳಿಯಬಾರದು, ಎದುರಾಳಿಗಳಿರಲಿಲ್ಲವೆಂದು ಓದಬೇಕು. ಬ್ರೂಕ್ಲಿನ್ನಿನ ನ್ಯಾಯಾಧೀಶೆ ಮಾರ್ಗರೀಟಾ ಲೋಪೆಜ್ ಟೊರೆಸ್ ಈ ಪದ್ಧತಿಯನ್ನೇ ಪ್ರಶ್ನಿಸಿದರು. 2008ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಸಂವಿಧಾನಬದ್ಧವೆಂದ ಮಾತ್ರಕ್ಕೆ ಪದ್ಧತಿ ವಿವೇಕಯುತವೆಂದಾಗದು ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಪ್ರತ್ಯೇಕವಾಗಿ ಬರೆದರು.