ಬೆಂಗಳೂರಿನಿಂದ ಸಿಡ್ನಿಗೆ: ಮೊದಲು ಕಾಗದ, ಕೊನೆಗೆ ಮಸಾಲೆ ಡಬ್ಬಿ

ಸಿಡ್ನಿಯಲ್ಲಿ ನೆಲೆಸಲು ಹೊರಟವರ ಮನೆಯಲ್ಲಿ ವೀಸಾ ಬಂದ ಮಾರನೆಯ ದಿನವೇ ಸಾರಿನ ಪುಡಿ ಹುರಿಯುವ ಘಮ ಏಳುತ್ತದೆ. ಕಾಗದಪತ್ರಗಳ ನೆನಪಾಗುವುದು ಹೊರಡುವ ವಾರದಲ್ಲಿ. ಈ ಕ್ರಮ ಅದಲುಬದಲಾಗಬೇಕು. ಸಿಡ್ನಿಯ ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್ ಕಡೆಯ ಭಾರತೀಯ ಅಂಗಡಿಗಳಲ್ಲಿ ಬೇಳೆ, ಅಕ್ಕಿ, ಮಸಾಲೆ ಎಲ್ಲವೂ ಸಿಗುತ್ತವೆ. ಮನೆಯಲ್ಲೇ ಮರೆತುಬಂದ ಮೂಲ ಅಂಕಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ವೀಸಾ ಪತ್ರವನ್ನು ಸಾಲುಸಾಲಾಗಿ ಓದಿ

ಆಸ್ಟ್ರೇಲಿಯಾದ ವೀಸಾ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಗೆ ಕಂಪ್ಯೂಟರಿನಲ್ಲೇ ಜೋಡಣೆಯಾಗಿರುತ್ತದೆ. ವೀಸಾ ಬಂದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಹೊಸ ಸಂಖ್ಯೆಯನ್ನು ನಿಮ್ಮ ಆನ್‌ಲೈನ್ ವೀಸಾ ಖಾತೆಯಾದ ಇಮ್ಮಿಅಕೌಂಟ್‌ನಲ್ಲಿ ದಾಖಲಿಸಲೇಬೇಕು. ಇಲ್ಲವಾದರೆ ಬೆಂಗಳೂರಿನ ಚೆಕ್‌ಇನ್ ಕೌಂಟರಿನಲ್ಲೇ ತಡೆಯಬಹುದು. ಹೊರಡುವ ಮುನ್ನ ಆಸ್ಟ್ರೇಲಿಯಾ ಸರ್ಕಾರದ ವೇವೋ ತಾಣದಲ್ಲಿ ವೀಸಾ ವಿವರಗಳನ್ನು ಒಮ್ಮೆ ನೋಡಿ. 189, 190ರಂಥ ಕಾಯಂ ವೀಸಾಗಳ ಪತ್ರದಲ್ಲಿ ಮೊದಲ ಬಾರಿ ದೇಶದೊಳಗೆ ಕಾಲಿಡಬೇಕಾದ ಕೊನೆಯ ದಿನಾಂಕ ಇರುವುದುಂಟು. ಟಿಕೆಟ್ ತೆಗೆಯುವುದು ಅದನ್ನು ನೋಡಿದ ಮೇಲೆ.

ಪದವಿ ಪ್ರಮಾಣಪತ್ರ, ಕೆಲಸದ ಅನುಭವ ಪತ್ರ, ಜನನ ಮತ್ತು ಮದುವೆಯ ಪ್ರಮಾಣಪತ್ರ, ಚಾಲನಾ ಪರವಾನಗಿ, ಮಕ್ಕಳ ಲಸಿಕೆ ಕಾರ್ಡ್, ವೈದ್ಯರ ಚೀಟಿ: ಇವೆಲ್ಲ ಒಂದೇ ಫೈಲಿನಲ್ಲಿ, ಕೈಯಲ್ಲಿ ಒಯ್ಯುವ ಬ್ಯಾಗಿನಲ್ಲಿ ಇರಲಿ. ಚೆಕ್‌ಇನ್ ಸೂಟ್‌ಕೇಸಿಗೆ ಇವುಗಳನ್ನು ಹಾಕಲೇಬಾರದು.

ಇಲ್ಲಿಯ ಬಾಗಿಲು ತೆರೆದಿಟ್ಟು ಹೋಗಿ

ನಿಮ್ಮ ಭಾರತದ ಮೊಬೈಲ್ ಸಂಖ್ಯೆ ಸತ್ತರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ, ಆಧಾರ್ ಕೆಲಸವೂ ನಿಲ್ಲುತ್ತದೆ. ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪದಂತೆ ಮನೆಯವರೊಬ್ಬರಿಗೆ ಹೊಣೆ ವಹಿಸಿ. ವಿದೇಶದಲ್ಲಿ ನೆಲೆಸಿ ಅನಿವಾಸಿಯಾದ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು; ಅದಕ್ಕೆ ಬೇಕಾದ ಅರ್ಜಿಗಳನ್ನು ಬ್ಯಾಂಕಿನಲ್ಲಿ ಈಗಲೇ ವಿಚಾರಿಸಿ. ಮನೆ, ಜಮೀನು ಇದ್ದರೆ ನಂಬಿಕಸ್ಥರ ಹೆಸರಿಗೆ ಅಧಿಕಾರ ಪತ್ರವನ್ನು ಇಲ್ಲೇ ಮಾಡಿಸಿಡುವುದು ಸುಲಭ. ಅಲ್ಲಿಂದ ಮಾಡಿಸಲು ದೂತಾವಾಸಕ್ಕೆ ಅಲೆಯಬೇಕಾಗುತ್ತದೆ.

ಹಣ ಒಯ್ಯುವುದಕ್ಕೂ ಮಿತಿಯಿದೆ. ವಿದೇಶಿ ನೋಟುಗಳು ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ. ಭಾರತದ ರೂಪಾಯಿಯಾದರೆ 25,000ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ.

ಮಸಾಲೆ ಡಬ್ಬಿಯ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಕಡಲೆ, ಅಲಸಂದೆ, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಒಣಮೆಣಸಿನಕಾಯಿ ಇವನ್ನು ಪ್ರಯಾಣಿಕರ ಸಾಮಾನಿನಲ್ಲಿ ತರುವುದನ್ನು ಆಸ್ಟ್ರೇಲಿಯಾ 2020ರಿಂದ ನಿಷೇಧಿಸಿದೆ. ಕಾರಣ ಖಾಪ್ರಾ ಎಂಬ ಕಿರುಹುಳು. ದಾಸ್ತಾನಿನ ಧಾನ್ಯವನ್ನು ತಿಂದು ಹಾಳುಮಾಡುವ ಇದರ ಮರಿಗಳು ಆಹಾರವಿಲ್ಲದೆಯೂ ವರ್ಷಗಟ್ಟಲೆ ಬದುಕಬಲ್ಲವು. ಗೋಧಿ ರಫ್ತನ್ನು ನಂಬಿರುವ ದೇಶ ಒಂದು ಕಿಲೋ ಬೇಳೆಗೂ ಹೆದರುವುದು ಅದಕ್ಕೇ. ಆ ಹೆದರಿಕೆಯನ್ನು ನಾವು ಗೌರವಿಸಬೇಕು.

ಹಸಿ ಕರಿಬೇವು ಬೇಡವೇ ಬೇಡ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬೆಳೆಯುತ್ತದೆ. ಧಾರವಾಡ ಪೇಡ, ಖೋವಾದ ಮಿಠಾಯಿಗಳೂ ಇಲ್ಲಿಯೇ ಉಳಿಯಲಿ. ಕಾಲುಬಾಯಿ ರೋಗ ಇರುವ ದೇಶದ ಹಾಲಿನ ಪದಾರ್ಥಗಳನ್ನು ಅವರು ಒಳಬಿಡುವುದಿಲ್ಲ. ಮಾವಿನೆಲೆ, ವೀಳ್ಯದೆಲೆ, ಹೂವು, ಬಿತ್ತನೆ ಬೀಜ, ಮಣ್ಣಂಟಿದ ಚಪ್ಪಲಿಗೂ ಇದೇ ಮಾತು. ಒಣ ಕೊಬ್ಬರಿಯನ್ನಂತೂ ಚೆಕ್‌ಇನ್ ಸಾಮಾನಿನಲ್ಲಿ ಭಾರತದಲ್ಲೇ ಬಿಡುವುದಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಕಂಪನಿಯ ಸೀಲ್ ಇರುವ ಉಪ್ಪಿನಕಾಯಿ, ಬಿಸ್ಕತ್ತು, ಚಹಾಪುಡಿಗೆ ಸಾಮಾನ್ಯವಾಗಿ ತೊಂದರೆಯಾಗದು. ಅಮ್ಮ ಮಾಡಿಕೊಟ್ಟ ಸಾರಿನ ಪುಡಿಯನ್ನು ಒಯ್ಯಬೇಕೆಂದರೆ ಒಯ್ಯಿರಿ, ಆದರೆ ಸುಲಭವಾಗಿ ತೆಗೆಯಲು ಬರುವಂತೆ ಎಲ್ಲ ತಿನಿಸನ್ನೂ ಒಂದೇ ಕಡೆ ಕಟ್ಟಿ. ಇಳಿಯುವ ಮುನ್ನ ತುಂಬುವ ಪ್ರಯಾಣಿಕರ ಕಾರ್ಡಿನಲ್ಲಿ ಆಹಾರದ ಪ್ರಶ್ನೆಗೆ ‘ಹೌದು’ ಎಂದೇ ಗುರುತು ಹಾಕಿ. ಹೇಳಿ ಒಯ್ದರೆ ಹೆಚ್ಚೆಂದರೆ ಡಬ್ಬಿ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ ಬೀಳಬಹುದು. ತಾತ್ಕಾಲಿಕ ವೀಸಾ ಇದ್ದವರ ವೀಸಾವೇ ರದ್ದಾಗಬಹುದು. ಹೊಸ ದೇಶದ ಅಧಿಕಾರಿಗೆ ನೀವು ಕೊಡುವ ಮೊದಲ ಉತ್ತರ ನಿಜವಾಗಿರಲಿ.

ಔಷಧಿ ಮೂರು ತಿಂಗಳಿಗೆ ಮೀರದಂತೆ, ಇಂಗ್ಲಿಷ್‌ನಲ್ಲಿ ಬರೆದ ವೈದ್ಯರ ಪತ್ರದೊಂದಿಗೆ ಇರಲಿ. ಆಯುರ್ವೇದದ ಚೂರ್ಣ, ಲೇಹ್ಯಗಳನ್ನೂ ಕಾರ್ಡಿನಲ್ಲಿ ತಿಳಿಸಿ. ಮಿಕ್ಸಿಗೆ ಚಿಂತೆ ಬೇಡ, ವೋಲ್ಟೇಜ್ ನಮ್ಮಂತೆಯೇ 230. ಓರೆ ಕಡ್ಡಿಗಳ ಪ್ಲಗ್ ಅಡಾಪ್ಟರ್ ಸಾಕು.

ವಿಮಾನದಲ್ಲಿ

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಲ್ಲಿವೆ. ಟ್ಯಾಕ್ಸಿ ಚಾಲಕರಿಗೆ ಮೊದಲೇ ಹೇಳಿ. ಕ್ವಾಂಟಸ್ 2022ರಲ್ಲಿ ಬೆಂಗಳೂರು–ಸಿಡ್ನಿ ನೇರ ವಿಮಾನ ಆರಂಭಿಸಿತು. ನೇರ ಹೋದರೂ ಹನ್ನೊಂದು ಗಂಟೆಗೂ ಮಿಕ್ಕ ಹಾರಾಟ. ಒಂದೊಂದು ಪೆಟ್ಟಿಗೆಯೂ 32 ಕಿಲೋ ದಾಟಬಾರದು. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲಷ್ಟೇ. ಆಗಾಗ ಎದ್ದು ಓಡಾಡಿ, ನೀರು ಕುಡಿಯುತ್ತಿರಿ. ಹತ್ತುವಾಗಲೇ ಗಡಿಯಾರವನ್ನು ಸಿಡ್ನಿ ಸಮಯಕ್ಕೆ ತಿರುಗಿಸಿ: ಅಲ್ಲಿಯ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ, ಬೇಸಿಗೆಯಲ್ಲಿ ಐದೂವರೆ ಗಂಟೆ ಮುಂದೆ. ಅಪ್ಪ–ಅಮ್ಮನಿಗೂ ಈ ಲೆಕ್ಕ ಬರೆದುಕೊಡಿ. ಫೋನ್ ಬಾರದ ರಾತ್ರಿಗಳಲ್ಲಿ ಅವರು ಸುಮ್ಮನೆ ಕಳವಳಪಡುವುದು ತಪ್ಪುತ್ತದೆ.

ಇಳಿದ ಮೊದಲ ವಾರಗಳು

10,000 ಆಸ್ಟ್ರೇಲಿಯನ್ ಡಾಲರ್ ಅಥವಾ ಹೆಚ್ಚು ನಗದಿದ್ದರೆ ಇಳಿಯುವಾಗ ಅದನ್ನೂ ಅಧಿಕಾರಿಗಳಿಗೆ ತಿಳಿಸಬೇಕು. ವಿಮಾನ ನಿಲ್ದಾಣದಿಂದಲೇ ರೈಲು ಇದೆ, ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ತೆರಿಗೆ ಸಂಖ್ಯೆ, ಅಂದರೆ ಟಿಎಫ್‌ಎನ್, ಉಚಿತ. ಅದಕ್ಕೆ ಹಣ ಕೇಳುವ ಏಜೆಂಟರನ್ನು ದೂರವಿಡಿ. ಕೆಲಸಕ್ಕೆ ಸೇರಿದ 28 ದಿನದೊಳಗೆ ಅದನ್ನು ಕೊಡದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾಗುತ್ತದೆ. ಕಾಯಂ ವೀಸಾ ಇದ್ದವರು ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ಕೂಡಲೇ ಹೆಸರು ನೋಂದಾಯಿಸಲಿ.

ಬಾಡಿಗೆ ಮನೆಗೆ ನಾಲ್ಕು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಆ ಹಣ ಇರುವುದು ಮಾಲೀಕರ ಜೇಬಿನಲ್ಲಲ್ಲ, ರಾಜ್ಯ ಸರ್ಕಾರದ ವಶದಲ್ಲಿ. ಮನೆಯನ್ನು ಕಣ್ಣಾರೆ ನೋಡದೆ ಭಾರತದಿಂದಲೇ ಮುಂಗಡ ಕಳಿಸಬೇಡಿ. ಮೊದಲ ಕೆಲವು ವಾರಕ್ಕೆ ತಾತ್ಕಾಲಿಕ ವಸತಿ ಸಾಕು. ಮಕ್ಕಳಿದ್ದರೆ ಲಸಿಕೆ ಕಾರ್ಡನ್ನು ಹತ್ತಿರದ ಕ್ಲಿನಿಕ್ಕಿಗೆ ಒಯ್ದು ಅಲ್ಲಿಯ ರಾಷ್ಟ್ರೀಯ ಲಸಿಕಾ ನೋಂದಣಿಯಲ್ಲಿ ಬರೆಸಿ. ಶಾಲೆಗೆ ಸೇರಿಸುವಾಗ ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು.