ಸೂಜಿಗೆ ಎರಡು ಗ್ರಾಂ, ಹಲ್ಲಿಗೆಷ್ಟು?

ಪ್ರಶ್ನೆ: ನಮ್ಮದು ರಾಯದುರ್ಗ. ಯಜಮಾನರಿಗೆ 58 ವರ್ಷ. ಹಳೆಯ ಎಲ್‌ಪಿ ತಟ್ಟೆ, ವಾಲ್ವ್ ಆಂಪ್ಲಿಫೈಯರ್ ಅಂದರೆ ಪ್ರಾಣ. ಅದಕ್ಕೆ ನನ್ನ ತಕರಾರಿಲ್ಲ. ಈಗ ಮಡಕಶಿರಾದ ಗೆಳೆಯರ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹಲ್ಲುಜ್ಜುವ ಬ್ರಷ್ಷಿನ ಚರ್ಚೆ! ಮೆತ್ತನೆಯದು ‘ಮಂಕು’, ಗಟ್ಟಿಯದರಲ್ಲಿ ‘ಟ್ರೆಬಲ್ ಚೆನ್ನಾಗಿದೆ’ ಅಂತಾರೆ. ದಿನಾ ಹತ್ತು ನಿಮಿಷ ತಿಕ್ಕುತ್ತಾರೆ, ಉಗುಳಿದರೆ ರಕ್ತ. ನಾಲ್ಕು ವರ್ಷದ ಮೊಮ್ಮಗನಿಗೂ ಗಟ್ಟಿ ಬ್ರಷ್ಷೇ ಬೇಕಂತೆ. ಚಿಕ್ಕಂದಿನಿಂದ ಅವರ ಹಲ್ಲಿನ ಮೇಲೆ ಕಂದು ಕಲೆಗಳಿವೆ, ಫೋಟೋದಲ್ಲಿ ಬಾಯಿ ಬಿಟ್ಟು ನಕ್ಕದ್ದೇ ಇಲ್ಲ. ಇವರಿಗೆ ತಲೆ ಕೆಟ್ಟಿದೆಯೇ?

ಉತ್ತರ: ಇಲ್ಲ ತಾಯಿ. ಕಿವಿ ಪಳಗಿದವರಿಗೆ ಬ್ರಷ್ಷಿನ ಸದ್ದೂ ಸದ್ದೇ. ಅದು ದವಡೆಯ ಮೂಳೆ ಹಿಡಿದು ನೇರವಾಗಿ ಒಳಗಿವಿಗೆ ಹೋಗುತ್ತದೆ. ಆದ್ದರಿಂದ ಗಟ್ಟಿಯದಕ್ಕೂ ಮೆತ್ತನೆಯದಕ್ಕೂ ಇರುವ ವ್ಯತ್ಯಾಸ ಅವರಿಗೆ ನಿಜವಾಗಿಯೇ ಕೇಳಿಸುತ್ತಿರಬಹುದು. ಸೆಕೆಂಡಿಗೆ ಸುಮಾರು 260 ಸಲ ಅದುರುವ ಕರೆಂಟು ಬ್ರಷ್ಷುಗಳೂ ಇವೆ. ಆ ಝೇಂಕಾರ ಹೆಚ್ಚುಕಡಿಮೆ ಒಂದು ಮನೆ ಶ್ರುತಿಯ ಷಡ್ಜ. ಗೆಳೆಯರು ಈ ಬಗ್ಗೆ ನಕ್ಕು ಹರಟಿದರೆ ಹರಟಲಿ ಬಿಡಿ, ಈ ವಯಸ್ಸಿನಲ್ಲಿ ಅಂಥ ಗೆಳೆತನ ದೊಡ್ಡದು.

ನನ್ನ ಮನಸ್ಸು ನಿಂತಿದ್ದು ನಿಮ್ಮ ಪತ್ರದ ಕೊನೆಯಲ್ಲಿ. ಆ ಕಲೆ ಕೊಳೆಯಲ್ಲ. ಅನಂತಪುರ ಸೀಮೆಯ ಎಷ್ಟೋ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಎಳೆಯ ವಯಸ್ಸಿನಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆ ನೀರು ಕುಡಿದರೆ ಎನಾಮಲ್ಲಿನಲ್ಲೇ ಕಲೆ ಕೂರುತ್ತದೆ. ಅವರ ಕಲೆಯೂ ಬಹುಶಃ ಅದೇ, ವೈದ್ಯರು ನೋಡಿ ಹೇಳಲಿ. ಅಂಥ ಕಲೆಗೆ ಗಟ್ಟಿ ಬ್ರಷ್ಷು, ಇದ್ದಿಲು, ಉಪ್ಪು ಯಾವುದೂ ಮದ್ದಲ್ಲ. ತಿಕ್ಕಿದಷ್ಟೂ ಸವೆಯುವುದು ಹಲ್ಲಿನ ಬುಡ, ಜಾರುವುದು ವಸಡು. ಟ್ರೆಬಲ್ಲಿನ ಮಾತಿನ ಹಿಂದೆ ಐವತ್ತು ವರ್ಷದ ನಾಚಿಕೆ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಅವರನ್ನು ರೇಗಿಸಬೇಡಿ.

ಅವರ ಭಾಷೆಯಲ್ಲೇ ಕೇಳಿ: “ತಟ್ಟೆಯ ಗೀರು ಸವೆಯಬಾರದೆಂದು ಸೂಜಿಗೆ ಎರಡು ಗ್ರಾಂ ಭಾರ ತೂಗಿ ಇಡ್ತೀರಲ್ಲ, ವಸಡಿನ ಮೇಲೆ ಯಾಕಿಷ್ಟು ಒತ್ತು?” ಸೂಜಿಯ ಭಾರ ತಿಳಿದವರಿಗೆ ಇದು ಬೇಗ ನಾಟುತ್ತದೆ. ಮೆತ್ತನೆಯ ಬ್ರಷ್ಷು, ದಿನಕ್ಕೆರಡು ಸಲ, ಎರಡೆರಡು ನಿಮಿಷ, ಮುಷ್ಟಿಯಲ್ಲಿ ಬಿಗಿಯದೆ ಪೆನ್ನಿನಂತೆ ಹಿಡಿದು. ಮೂರು ತಿಂಗಳಿಗೊಮ್ಮೆ ಹೊಸದು. ಗಟ್ಟಿಯವು ವ್ಯರ್ಥವಲ್ಲ, ಆಂಪ್ಲಿಫೈಯರಿನ ಸಾಕೆಟ್ಟು ಒರೆಸಲು ಅವೇ ಸರಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆಂದು ಅವರಿಗೆ ಗೊತ್ತಿರುತ್ತದೆ, ಆದರೂ ನೆನಪಿಸಿ.

ರಕ್ತ ಬರುತ್ತಿರುವುದರಿಂದ ದಂತವೈದ್ಯರಲ್ಲಿಗೆ ತಡಮಾಡದೆ ಹೋಗಿ, ನೀವೂ ಜೊತೆಗಿರಿ. ಮೇಲ್ಪದರವನ್ನು ನವಿರಾಗಿ ಉಜ್ಜಿ ಕಲೆ ತಿಳಿಗೊಳಿಸುವ, ಹಲ್ಲಿನ ಬಣ್ಣದ ತೆಳು ಹೊದಿಕೆ ಅಂಟಿಸುವ ಚಿಕಿತ್ಸೆಗಳಿವೆ. 58 ತಡವೇನಲ್ಲ.

ಇನ್ನು ಮೊಮ್ಮಗ. ಅವನ ಶಾಶ್ವತ ಹಲ್ಲುಗಳು ಈಗ ದವಡೆಯೊಳಗೆ ತಯಾರಾಗುತ್ತಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಅವನು ಕುಡಿಯುವ ನೀರನ್ನು ಈ ವಾರವೇ ಪರೀಕ್ಷೆಗೆ ಕೊಡಿ.